ಬಾಟಲಿಗೆ ತುಂಬಿದ ಉಡಿ

ಪಾರ್ವತಿನಗರ, ಬಳ್ಳಾರಿ
೧೮ ನವೆಂಬರ್ ೨೦೨೪

ಪ್ರೀತಿಯ ಯಶಕ್ಕನಿಗೆ ತಂಗಿ ಉಚ್ಚೆಂಗಿಯ ನಮಸ್ಕಾರ.

ಮೂರು ತಿಂಗಳು ಸುದ್ದಿಯಿಲ್ಲದೆ ಕೂತಿದ್ದಕ್ಕೆ ಬೈಯಬೇಡ, ಬೈದರೂ ಸರಿಯೇ. ಫೋನ್ ಮಾಡಿದರೆ ನಿಮ್ಮ ಮನೆಯಲ್ಲಿ ಸ್ಪೀಕರ್ ಹಾಕುತ್ತಾರೆ, ಅರ್ಧ ಸಿರುಗುಪ್ಪ ಕೇಳುತ್ತದೆ. ಅದಕ್ಕೇ ಕಾಗದ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕಾಗುಣಿತ, ನೀನೇ ತಿದ್ದಿಕೊ.

ನಿಮ್ಮ ಅತ್ತೆ ಜೋಗಮ್ಮನವರು ಹೋದ ಗುರುವಾರ ನಮ್ಮ ಲ್ಯಾಬಿಗೆ ಬಂದಿದ್ದರು. ನಿನಗೆ ಕಣ್ಣು ತೋರಿಸಲು ಹೋಗಿದ್ದೆ ಎಂದಿರಬೇಕು.

ತಪ್ಪು ನನ್ನದೇ. ಲ್ಯಾಬಿನಲ್ಲಿ ನನ್ನ ಕೆಲಸವೇನು ಎಂದು ಅವ್ವ ಕೇಳಿದಳು, ಇದ್ದದ್ದನ್ನು ಹೇಳಿದೆ. ಕಾಡು ಸೂರ್ಯಕಾಂತಿಗೆ ರೋಗ ಕಡಿಮೆ. ಆದರೆ ಅದನ್ನು ಹೊಲದ ಸೂರ್ಯಕಾಂತಿಯೊಡನೆ ಕೂಡಿಸಿದರೆ ಕಾಳು ಅರ್ಧಕ್ಕೇ ಬತ್ತುತ್ತದೆ. ಬತ್ತುವ ಮೊದಲೇ ಒಳಗಿನ ಭ್ರೂಣವನ್ನು ಸೂಜಿಯಿಂದ ಬಿಡಿಸಿ, ಬಾಟಲಿಯೊಳಗೆ ಸಕ್ಕರೆ ಹಾಕಿದ ಜೆಲ್ಲಿಯ ಮೇಲಿಟ್ಟು ಮುಚ್ಚುತ್ತೇವೆ. ಅಲ್ಲೇ ಗಿಡವಾಗುತ್ತದೆ. ಭ್ರೂಣ ಎಂದರೆ ಅವ್ವನಿಗೆ ತಿಳಿಯಲಿಲ್ಲ, ಪಿಂಡ ಎಂದೆ. ಅವ್ವ ನಮ್ಮೂರು ಕುರುಗೋಡಿನ ನಲ್ಲಿಯ ಹತ್ತಿರ, "ನಮ್ಮ ಉಚ್ಚೆಂಗಿ ಪಿಂಡದ ಕೆಲಸಕ್ಕ ಹೊಕ್ಕಾಳ" ಎಂದಳು. ಅರ್ಧ ಓಣಿ ನಾನು ತಿಥಿ ಮಾಡಿಸುವವರ ಹತ್ತಿರ ಇದ್ದೇನೆ ಎಂದುಕೊಂಡಿತು. ಇನ್ನರ್ಧ, ಬಾಟಲಿಯಲ್ಲಿ ಕೂಸು ಬೆಳೆಸುತ್ತೇನೆ ಎಂದುಕೊಂಡಿತು. ಸಿರುಗುಪ್ಪದ ಬಸ್ಸು ಹತ್ತಿದ್ದು ಈ ಎರಡನೆಯ ಸುದ್ದಿ.

ಜೋಗಮ್ಮನವರು ಉಡಿ ತುಂಬಲು ತೆಂಗಿನಕಾಯಿ, ಕುಬಸದ ಕಣ, ಅಕ್ಕಿ ಹಿಡಿದೇ ಬಂದರು. ಚಪ್ಪಲಿ ಬಿಡಿಸಿ, ಕೈ ತೊಳೆಸಿ, ತಲೆಗೆ ಟೋಪಿ ಹಾಕಿಸಿ, ಒಳಗೆ ಗಟ್ಟಿಯಾಗಿ ಮಾತಾಡಬಾರದು ಎಂದಾಗ ಅವರಿಗೆ ಇದು ಗುಡಿಯೇ ಎಂದು ಖಾತ್ರಿಯಾಯಿತು. ಸಾಲು ಬಾಟಲಿಗಳಿಗೆ ಕೈ ಮುಗಿದು ನನ್ನ ಕಿವಿಯಲ್ಲಿ, "ಗಂಡಾ ಹೆಣ್ಣಾ ನಾ ಕೇಳಾದಿಲ್ಲವ್ವ. ಯಾವುದಾರ ಒಂದು ಕೊಡು" ಎಂದರು.

"ಇದು ಸೂರ್ಯಕಾಂತಿ ಐತ್ರಿ" ಎಂದೆ.

"ಹೆಸರೂ ಇಟ್ಟೀರೇನು?"

ನಾನು ನಗು ತಡೆದುಕೊಳ್ಳುವಷ್ಟರಲ್ಲಿ ಮೂವತ್ತೇಳನೆಯ ಬಾಟಲಿಗೆ ಉಡಿ ತುಂಬಿಯಾಗಿತ್ತು. ಅಕ್ಕಿ ನೋಡಿ ನಮ್ಮ ಅರುಣಾ ಮೇಡಂ, ಇರುವೆ ಬಂದರೆ ನಿನ್ನನ್ನೇ ಬಾಟಲಿಗೆ ಹಾಕುತ್ತೇನೆ ಎಂದರು. ಒಂದೊಂದು ಕಾಳೂ ಆರಿಸಿದೆ.

ಅಂಗಳದಲ್ಲಿ ಕೂರಿಸಿ ಎಲ್ಲ ಬಿಡಿಸಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಯುಗಾದಿಯೊಳಗೆ ನಿನ್ನನ್ನು ಕುರುಗೋಡಿಗೆ ಕಳಿಸಿ ಶೇಖರ್ ಭಾವನಿಗೆ ಬೇರೆ ಹೆಣ್ಣು ತರುವ ಮಾತನ್ನು ಅವರೇ ಆಡುತ್ತಿದ್ದಾರೆ ಎಂದು ಅವ್ವನಿಂದ ನನಗೆ ಗೊತ್ತಿತ್ತು. ಅದೇ ಬಾಯಿಂದ ಕೇಳಿದರು: "ಕಾಳು ನಿಲ್ಲಲಿಲ್ಲಂದ್ರ ತಾಯಿಗಿಡದ್ದ ತಪ್ಪು. ಹೌದಿಲ್ಲೋ?"

ಹೂಂ ಎಂದು ಚಹಾ ಕುಡಿಸಿ ಕಳಿಸಬಹುದಿತ್ತು. ನನ್ನ ಬಾಯಿ ನಿನಗೆ ಗೊತ್ತಲ್ಲ.

"ಅಲ್ರಿ ಯಮ್ಮಾ. ತಾಯಿಗಿಡ ಗಟ್ಟಿ ಐತಿ, ಜೋಡಿ ಹೊಂದಿಲ್ಲ ಅಷ್ಟ. ಗಿಡದ ಮಾತು ಮನುಷ್ಯಾರಿಗೆ ಹೊಂದತೈತೋ ಇಲ್ಲೋ ನನಗ ಗೊತ್ತಿಲ್ಲ. ಆದ್ರ ನಾವು ಗಂಡುಗಿಡಾನೂ ಪರೀಕ್ಷೆ ಮಾಡ್ತೀವಿ. ನೀವು ಮಾಡ್ಸೀರೇನು?"

ಟೋಪಿ ತೆಗೆಯದೆಯೇ ಎದ್ದು ಹೋದರು. ಮುಗಿಯಿತು, ನಿನ್ನ ಸಂಸಾರ ನಾನೇ ಮುಗಿಸಿದೆ ಎಂದುಕೊಂಡೆ. ಗೇಟಿನಿಂದ ತಿರುಗಿ ಬಂದರು. "ಗಂಡಸರನ್ನ ನೋಡೋ ಡಾಕ್ಟರು ಇದ ಊರಾಗ ಅದಾರೇನು? ನಿನ್ನ ಹಾಳು ಬಾಯಿ ಮುಚಗೊಂಡು ವಿಳಾಸರ ಬರಕೊಡು."

ಬರೆದುಕೊಟ್ಟೆ. ಕಾಗುಣಿತ ಮೇಡಂ ತಿದ್ದಿದರು. ಇನ್ನು ಭಾವನನ್ನು ಹೊರಡಿಸುವುದು ನಿಮ್ಮಿಬ್ಬರ ಕೆಲಸ.

ಮೂವತ್ತೇಳನೆಯದು ಎರಡು ಎಲೆ ಬಿಟ್ಟಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಉಚ್ಚೆಂಗೆಮ್ಮ ನಿನ್ನನ್ನು ಕಾಯಲಿ. ನಾನಲ್ಲ, ಗುಡ್ಡದ ಮೇಲಿನವಳು. ನಾನು ಶನಿವಾರ ಬಂದು ಎರಡು ದಿನ ಇರುತ್ತೇನೆ.

ನಿನ್ನ
ಉಚ್ಚೆಂಗಿ

ತಾ.ಕ.: ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ. ಶ್ರಾವಣದಲ್ಲಿ ಎರಡನೆಯ ಬಸಿರೂ ನಿಲ್ಲದೆ ಹೋದಾಗ ನೀನು ಫೋನಿನಲ್ಲಿ, "ಎರಡು ದಿನ ಬಂದು ನನ್ನ ಹತ್ರ ಇರು" ಎಂದೆ. ಬಾಟಲಿಗಳಿಗೆ ನೀರು ಹಾಕುವವರಿಲ್ಲ ಎಂದೆ ನಾನು. ಅಕ್ಕ, ಮುಚ್ಚಿದ ಬಾಟಲಿಗೆ ಯಾರೂ ನೀರು ಹಾಕುವುದಿಲ್ಲ. ನಿನ್ನ ಮುಖ ನೋಡಲು ಅಂಜಿದ್ದೆ.