ಇವರು ಓದುವ ಮುಖ

ಜನವರಿ ೮
ಬೆಳಿಗ್ಗೆಯಿಂದ ಕುರ್ಚಿ ಕೇಳಿಕೊಂಡು ಜನವೋ ಜನ. ಗಿರಾಕಿ ಹೇಳಿದ್ದನ್ನು ನಾನು ತುಟಿಯಲ್ಲಿ ಹೇಳುವುದು, ಇವರು ಉಳಿ ಕೆಳಗಿಟ್ಟು ನನ್ನ ಮುಖ ನೋಡುವುದು — ಮದುವೆಯಾದಂದಿನಿಂದ ಇದೇ ರೂಢಿ. ಚಿಕ್ಕಂದಿನಲ್ಲೇ ಇವರ ಕಿವಿ ಹೋಯಿತು. ಅಕ್ಷರವೂ ಬಾರದು. ಇವರು ಓದುವುದು ನನ್ನ ಮುಖ ಒಂದನ್ನೇ.
ನನ್ನ ಕಿವಿಯ ಕೆಳಗಿನ ಗಂಟು ಹಾಗೇ ಇದೆ. ನೋವಿಲ್ಲ. ಕೂದಲು ಬಿಟ್ಟು ಮುಚ್ಚಿದ್ದೇನೆ.

ಜನವರಿ ೨೧
ಸ್ಕ್ಯಾನ್, ಸೂಜಿ ಟೆಸ್ಟ್ ಎರಡರ ರಿಪೋರ್ಟೂ ಬಂತು. ಜೊಲ್ಲಿನ ಗ್ರಂಥಿಯಲ್ಲಿ ಗಡ್ಡೆ.
"ಕ್ಯಾನ್ಸರ್ ಅಲ್ಲಮ್ಮ," ಎಂದರು ಡಾಕ್ಟರು.
"ಹಾಗಾದ್ರೆ ಇರ್ಲಿ ಬಿಡಿ."
"ಬಿಟ್ರೆ ಬೆಳೀತಾ ಹೋಗತ್ತೆ. ವರ್ಷಗಳು ಕಳೆದ್ರೆ ಕೆಟ್ಟದ್ದಕ್ಕೆ ತಿರುಗ್ಲೂಬಹುದು. ತೆಗೆಯೋದೇ ದಾರಿ. ಆದ್ರೆ ಮುಖ ಆಡಿಸೋ ನರ ಆ ಗ್ರಂಥಿ ಒಳಗೇ ಹಾದುಹೋಗತ್ತೆ. ಸ್ವಲ್ಪ ದಿನ ಬಾಯಿ ಸೊಟ್ಟ ಆಗಬಹುದು."
"ಸ್ವಲ್ಪ ದಿನ ಮಾತ್ರ ತಾನೆ?"
"ಬಹುತೇಕ."
ಬಹುತೇಕ... ಆ ಪದ ಎದೆಯಲ್ಲಿ ಕೂತುಬಿಟ್ಟಿದೆ. ಇವರಿಗೆ ಹೇಗೆ ಹೇಳಲಿ.

ಮಾರ್ಚ್ ೧೬
ಸಿಕ್ಕಿಬಿದ್ದೆ. ಇವರು ಕೂದಲು ಸರಿಸಿ ಗಂಟು ಮುಟ್ಟಿದರು. "ನಾನು ಕಿವುಡ ಕಣೇ, ಕುರುಡ ಅಲ್ಲ."
ಎಲ್ಲ ಹೇಳಿದೆ. ಸತ್ತರೂ ಆಪರೇಷನ್ ಬೇಡ ಎಂದೆ. ಮುಖ ಬಿದ್ದುಹೋದರೆ ನಾವು ಮಾತಾಡುವುದು ಹೇಗೆ?
ಓಣಿಗೆಲ್ಲ ಕೇಳುವಂತೆ ಕೂಗಿದರು: "ನೀನೇ ಇಲ್ದಿದ್ರೆ ಯಾರ ಮುಖ ನೋಡ್ಲಿ?"

ಏಪ್ರಿಲ್ ೪
ಇವರ ಹಟಕ್ಕೆ ಆಪರೇಷನ್ ಆಯಿತು. ಗಡ್ಡೆ ಪೂರ್ತಿ ಹೊರಬಂತಂತೆ. ನರ ಉಳಿದಿದೆಯಂತೆ. ಆದರೂ ಕನ್ನಡಿಯಲ್ಲಿ ಬಲಗಡೆಯ ಮುಖ ಯಾರದೋ. "ನರ ಸುಸ್ತಾಗಿದೆ, ತಿಂಗಳುಗಳೇ ಹಿಡೀಬಹುದು," ಎಂದರು ಡಾಕ್ಟರು.

ಏಪ್ರಿಲ್ ೨೨
ನೀರು ಬಿಸಿ ಇದೆ ಎಂದೆ. ಗಟಗಟ ಕುಡಿದು ನಾಲಿಗೆ ಸುಟ್ಟುಕೊಂಡರು. ತುಟಿ ಕೂಡುತ್ತಿಲ್ಲ — ಪ, ಬ, ಮ ಒಂದೂ ಕಾಣದು. ನಾನು ಹೇಳಿದ ಅಳತೆ ತಪ್ಪಾಗಿ ತಿಳಿದು ಒಳ್ಳೆಯ ಮೇಜೊಂದು ಹಾಳಾಯಿತು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ೩೦
ಬರೆದು ಏನು ಪ್ರಯೋಜನ... ಮಾತು ಬಿಟ್ಟಿದ್ದೇನೆ. ದಿನಾ ಎದುರು ಕೂರುತ್ತಾರೆ. "ಹೇಳು." ತಲೆ ತಗ್ಗಿಸುತ್ತೇನೆ. ಎದ್ದು ಹೋಗುತ್ತಾರೆ. ಇವತ್ತು "ಹೇಳು" ಎನ್ನಲೂ ಇಲ್ಲ. ಇನ್ನು ಈ ಮನೆಯಲ್ಲಿ ಇಬ್ಬರು ಒಂಟಿಗಳು.

ಜುಲೈ ೧೩
ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುತ್ತಿತ್ತು. ಪಕ್ಕದಲ್ಲೇ ನಿಂತು ಇವರು ನನ್ನನ್ನೇ ನೋಡುತ್ತಿದ್ದರು. ರೇಗಿತು. ಪೆದ್ದು ಎಂದುಬಿಟ್ಟೆ.
"ಯಾರು ಪೆದ್ದು?"
ನನ್ನ ತುಟಿ ಕೂಡಿತ್ತು. ಪ ಕಂಡಿದೆ ಇವರಿಗೆ!
"ಇನ್ನೊಂದ್ಸಲ ಬೈಯೇ."
ಅಳುತ್ತಲೇ ಬೈದೆ. ಬೆಪ್ಪ. ಮಂಕ. ಒಂದೊಂದನ್ನೂ ತಿರುಗಿ ಒಪ್ಪಿಸಿದರು, ಪಾಠದ ಹಾಗೆ. ಈಗ ಬಾಗಿಲಲ್ಲಿ ನಿಂತು, "ಅದೇನು ಬರೀತೀಯ, ಇಲ್ಬಂದು ಹೇಳು," ಅಂತ ಕೂಗುತ್ತಿದ್ದಾರೆ. ಒಂದೇ ಸಾಲು ಬಾಕಿ, ತಡೀರಿ ಎಂದರೂ ಕೇಳದೆ ಪೆನ್ನು ಕಿತ್ತು—