ಹೆಸರು ಹಿಡಿದು ಕರೆಯುವುದು

ಜುಲೈ 8

ಗಂಜಿ ಕುಡಿದು ವೇಣೂರಿನಿಂದ ಮೊದಲ ಬಸ್ಸು. ಮೂಡುಬಿದಿರೆ ಆಸ್ಪತ್ರೆ. ಇವರಿರುವ ಐಸಿಯು ಒಳಗೇ ಬಿಟ್ಟರು! ಕೂರಲಿಕ್ಕೆ ಸ್ಟೂಲ್ ಬೇರೆ. ಹಿಂದೆ ಅತ್ತೆಗೆ ವೆಂಟಿಲೇಟರ್ ಹಾಕಿದ್ದಾಗ ಗಾಜಿನಾಚೆಯಿಂದ ನೋಡಿದ್ದಷ್ಟೆ. ಕೈ ಎರಡೂ ಮಂಚಕ್ಕೆ ಕಟ್ಟಿ, ಮದ್ದು ಕೊಟ್ಟು ಮಲಗಿಸಿದ್ದರು. ಕಣ್ಣು ಬಿಡದೆಯೇ ಹೋದರು ಪಾಪ.

ಈಗ ಹಾಗಿಲ್ಲವಂತೆ. ಡಾಕ್ಟರ್ ಶರಣ್ಯಾ — ನನ್ನ ಮಗಳು ಜ್ಯೋತ್ಸ್ನಾಳಿಗಿಂತ ಚಿಕ್ಕವಳು — ದಿನಾ ಬೆಳಿಗ್ಗೆ ನಿದ್ದೆಯ ಮದ್ದು ನಿಲ್ಲಿಸಿ ಇವರನ್ನು ಎಬ್ಬಿಸ್ತಾಳೆ. ಪೈಪು ಗಂಟಲಲ್ಲೇ ಇರ್ತದೆ. ಎಚ್ಚರ ಇದ್ದವರು ಬೇಗ ಮಿಷನ್ ಬಿಡ್ತಾರಂತೆ. ಹೆಸರು ಹಿಡಿದು ಕರೀರಿ ಅಮ್ಮ ಅಂದಳು. ಒಳ್ಳೆ ಕತೆ. ಗಂಡನ ಹೆಸರು ಹಿಡಿಯುವುದೆಂಥದು? ರೇಶನ್ ಅಂಗಡಿಯಲ್ಲೂ ಪಕ್ಕದವರಿಂದ ಹೇಳಿಸಿದವಳು ನಾನು. ಮನೆಯಲ್ಲಿ ಕರೆಯುವ ಹಾಗೆ ಕರೆದೆ — “ಇಂಚಿ ತೂಲೆ.” ಈಚೆ ನೋಡಿ ಅಂತ.

ತಿರುಗಿದರು.

ಜುಲೈ 10

ಇವರ ಕೈ ಕಟ್ಟಿಲ್ಲ. ಪೈಪು ಎಳೆಯದ ಹಾಗೆ ನಾನೇ ಹಿಡಿದು ಕೂತಿದ್ದೆ. ಸಂಜೆ ಆ ಕೈ ಬಿಡಿಸಿಕೊಂಡು ಕಿಟಕಿ ತೋರಿಸಿದರು, ಮತ್ತೆ ಬಾಯಿ ತೋರಿಸಿದರು... ಹೊತ್ತು ಕಂತುವ ಮೊದಲು ಉಂಡೆಯಾ ಅಂತ! ಜೈನರ ಮನೆಯ ಪದ್ಧತಿ ಅಲ್ಲಿ ಮಲಗಿಯೂ ಮರೆತಿಲ್ಲ. ಚೆನ್ನಾಗಿ ಬೈದೆ. ಮತ್ತೆ ಕ್ಯಾಂಟೀನಿಗೆ ಹೋಗಿ ಉಂಡು ಬಂದೆ.

ಜುಲೈ 11

ಇವತ್ತು ಮಂಚದಿಂದ ಇಳಿಸಿ ನಿಲ್ಲಿಸಿದರು. ಮಿಷನ್ ಸಮೇತ! ಫಿಸಿಯೋ ರಮೀಝ್ ಇವರ ಹಳೇ ವಿದ್ಯಾರ್ಥಿ. “ಚಿನ್ನಯ್ಯ ಮಾಸ್ಟ್ರೇ, ಲೆಫ್ಟ್... ರೈಟ್” ಅಂತಾನೆ. ಊರ ಮಕ್ಕಳನ್ನೆಲ್ಲ ಮೈದಾನದಲ್ಲಿ ಓಡಿಸಿದ ಪಿ.ಟಿ. ಮಾಸ್ಟ್ರು. ಕಾಲು ಗಡಗಡ. ಬೆನ್ನು ಮಾತ್ರ ನೇರ. ನಗು ಬಂತು, ಅಳುವೂ ಬಂತು. ಮನೆಗೆ ಬಂದು ಇವರ ಬಿಳಿ ಪ್ಯಾಂಟಿಗೆ ಇಸ್ತ್ರಿ ಹಾಕಿಟ್ಟೆ. ಡಿಸ್ಚಾರ್ಜಿಗೆ ಬೇಕಲ್ಲ.

ಜುಲೈ 15

ಬರೆಯಲಿಕ್ಕೆ ಮನಸ್ಸಿರಲಿಲ್ಲ. ಶ್ವಾಸಕೋಶ ಮೊದಲೇ ಹಾಳು, ನ್ಯುಮೋನಿಯಾ ಇನ್ನೂ ಕೆಡಿಸಿದೆ. ನಾಳೆ ಪೈಪು ತೆಗೆದು ನೋಡುವ ಅಂದಳು ಡಾಕ್ಟರ್. ಉಸಿರು ಸಾಲದಿದ್ದರೆ ಮತ್ತೆ ಹಾಕಬೇಕಾ? — ನನ್ನನ್ನು ಕೇಳಲಿಲ್ಲ. ಇವರನ್ನೇ ಕೇಳಿದಳು. ಬೇಡ ಅಂತ ತಲೆ ಅಲ್ಲಾಡಿಸಿದರು. ಹಾಕದಿದ್ದರೆ ಜೀವ ಹೋಗಬಹುದು, ಗೊತ್ತುಂಟಾ ಅಂದಳು. ಆಗಲೂ ಬೇಡ.

ಸಿಟ್ಟು ಬಂತು. ಎಬ್ಬಿಸಿದ್ದು ಇದಕ್ಕಾ? ಅತ್ತೆಯ ಹಾಗೆ ಮಲಗಿಸಿಟ್ಟಿದ್ದರೆ ನನ್ನನ್ನು ಕೇಳ್ತಿದ್ದರು. ಹಾಕಿ ಅಂತಿದ್ದೆ. ಸಾವಿರ ಸಲ ಹಾಕಿ ಅಂತಿದ್ದೆ. ನೀನು ಹೇಳಿದ್ರೆ ಹಾಕ್ತಾರಮ್ಮ ಅಂತ ಜ್ಯೋತ್ಸ್ನಾ ಫೋನಿನಲ್ಲಿ ಅತ್ತಳು. ಹಾಕ್ತಾರೇನೋ. ಆದರೆ ಬೇಡ ಅಂದದ್ದನ್ನು ಕಣ್ಣಾರೆ ಕಂಡವಳು ನಾನು.

ಜುಲೈ 20, ಸಂಜೆ

ಬುಧವಾರದ್ದು ಇವತ್ತಾದರೂ ಬರೆದಿಡಬೇಕು.

ಬೆಳಿಗ್ಗೆ ಪೈಪು ತೆಗೆದರು. ಒಡಕು ಸ್ವರ. ಮೊದಲ ಮಾತು, “ವನಸ್ ಆಂಡಾ?” ಊಟ ಆಯಿತಾ ಅಂತ. ಇಷ್ಟು ಬೆಳಿಗ್ಗೆ ಎಂಥ ಊಟ ಮಾರಾಯ್ರೆ ಅಂದೆ. ನಕ್ಕರು. ಮತ್ತೆ ಮಾತಾಡಲಿಲ್ಲ.

ಮಧ್ಯಾಹ್ನ ಕಳೆದು ಉಸಿರು ಮೇಲೆ ಮೇಲೆ. ಪೈಪಿನ ಟ್ರೇ ಹತ್ತಿರವೇ ಇತ್ತು. ಡಾಕ್ಟರ್ ನನ್ನ ಮುಖ ನೋಡಿದಳು. ಹಾಕಿ ಅನ್ನುವುದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

“ಇವರು ಬೇಡ ಅಂದಿದ್ದಾರೆ” ಅಂದೆ.

ಟ್ರೇ ತೆಗೆದುಕೊಂಡು ಹೋದರು.

ಕಡೆಗೆ ಹೆಸರು ಹಿಡಿದೇ ಕರೆದೆ. ಎಲ್ಲರೆದುರು, ಜೋರಾಗಿ. ತಿರುಗಲಿಲ್ಲ. ನನ್ನ ಬಾಯಲ್ಲಿ ಆ ಹೆಸರು ಕೇಳಿ ಅಭ್ಯಾಸ ಇದ್ದರಲ್ಲವಾ... ಕಿವಿಯ ಹತ್ತಿರ ಬಗ್ಗಿ “ಇಂಚಿ ತೂಲೆ” ಅಂದೆ. ರೆಪ್ಪೆ ಅಲುಗಿತು. ಕಣ್ಣು ಈಚೆ ಬಂತು. ನನ್ನ ಮೇಲೆಯೇ ನಿಂತಿತು. ಆಮೇಲೆ ಆ ಕಣ್ಣು ನಾನೇ ಮುಚ್ಚಿದೆ.

ಬಿಳಿ ಪ್ಯಾಂಟು ಕುರ್ಚಿಯ ಮೇಲೆ ಹಾಗೇ ಉಂಟು.

ಹೊತ್ತು ಕಂತುತ್ತಾ ಬಂತು. ಜ್ಯೋತ್ಸ್ನಾ ಬಡಿಸಿ ಕರೀತಾ ಇದ್ದಾಳೆ. ಉಣ್ಣಬೇಕು. ಉಂಡಾಯಿತು ಅಂತ ಯಾರಿಗೆ ಹೇಳುವುದು?