ಕೈ ತಾಗದ ಗೋಡೆಗೆ ಮಕ್ಕಳನ್ನು ಒರಗಿಸಬೇಡಿ

ಅಂಗನವಾಡಿ ಕಟ್ಟಡ ಗಟ್ಟಿಯಾಗಿದೆಯೆಂದು ಸಹಿ ಹಾಕಿದ ಮಾನ್ಯ ಇಂಜಿನಿಯರರೇ,

ಗುಮ್ಮಘಟ್ಟದ ಹತ್ತಿರ ನಮ್ಮೂರಲ್ಲಿ ನಿಮ್ಮ ಯಂತ್ರ ಕಟ್ಟಿದ ಅಂಗನವಾಡಿಯ ಪಡುವಣ ಗೋಡೆ ಸೊಂಟದೆತ್ತರದಲ್ಲಿ ಎರಡು ತುಂಡಾಗಿದೆ. ಬರುವ ಸೋಮವಾರ ಅದರೊಳಗೆ ಇಪ್ಪತ್ತಾರು ಮಕ್ಕಳನ್ನು ಕೂರಿಸುತ್ತೀರಂತೆ. ಅವರಲ್ಲಿ ನನ್ನ ಮೊಮ್ಮಗಳು ರಮ್ಯಳೂ ಒಬ್ಬಳು. ಕೂರಿಸಲು ನಾನು ಬಿಡುವುದಿಲ್ಲ.

ನಾನು ಮೂವತ್ತು ವರ್ಷದಿಂದ ಗಾರೆ ಮೇಸ್ತ್ರಿ. ಹಾಗೆಂದ ಕೂಡಲೇ ‘ಕೆಲಸ ಹೋದವನ ಹೊಟ್ಟೆಕಿಚ್ಚು’ ಎಂದು ನೀವು ನಗುವುದು ಗೊತ್ತು. ಮೊನ್ನೆ ಕಚೇರಿಯಲ್ಲಿ ನಕ್ಕಿರಿ ಕೂಡ. ಹೊಟ್ಟೆಕಿಚ್ಚು ಇಲ್ಲವೆಂದು ಸುಳ್ಳು ಹೇಳಲಾರೆ. ಆದರೆ ನನ್ನ ಜತೆ ಕಾಂಕ್ರೀಟಿನ ಬಾಂಡ್ಲಿ ಹೊತ್ತು ಕತ್ತು ಸವೆಸಿಕೊಂಡ ಚಿನ್ನಕ್ಕ ಯಂತ್ರ ಕಂಡು ಹೇಳಿದ್ದು ಇಷ್ಟೇ: “ಇದು ಮೊದ್ಲ ಬಂದಿದ್ರ ನನ್ನ ಕುತ್ತಿಗಿ ಉಳೀತಿತ್ತು ನೋಡ್ರಿ.” ಯಂತ್ರದ ಮೇಲೆ ನಮಗೆ ಹಗೆಯಿಲ್ಲ. ಚಕ್ಕುಲಿ ಒತ್ತಿದ ಹಾಗೆ ಅದು ಕಾಂಕ್ರೀಟಿನ ಪದರದ ಮೇಲೆ ಪದರವಿಟ್ಟು ಗೋಡೆ ಎಬ್ಬಿಸುವುದನ್ನು ನಾವೂ ಬಾಯಿ ಬಿಟ್ಟುಕೊಂಡು ನೋಡಿದೆವು.

ಆ ದಿನ ಗೋಡೆ ಸೊಂಟದೆತ್ತರಕ್ಕೆ ಬಂದಿದ್ದಾಗ, ಹನ್ನೊಂದಕ್ಕೆ ಕರೆಂಟು ಹೋಯಿತು. ಬಂದದ್ದು ಒಂದೂವರೆಗೆ. ಆಷಾಢದ ಗಾಳಿ, ಮೇಲೆ ಬಿಸಿಲು. ಗಾಳಿಗೆ ಎದುರಾದ ಪಡುವಣ ಗೋಡೆಯಂತೂ ಒಣಗಿ ಬಿಳಿಚಿಕೊಂಡಿತು. ಕೆಲಸ ನಿಂತು ಮತ್ತೆ ಹಿಡಿಯುವಾಗ ಹಳೆಯದನ್ನು ಗೀಚಿ, ನೀರುಣಿಸಿ, ಸಿಮೆಂಟಿನ ತಿಳಿ ಬಳಿಯದೆ ನಮ್ಮಲ್ಲಿ ಯಾರೂ ಹೊಸದನ್ನು ಇಡುವುದಿಲ್ಲ. ಚಿನ್ನಕ್ಕ ಕೊಡ ತಂದಳು. ಯಂತ್ರ ನಡೆಸುವ ಭರತ್ ಅಡ್ಡ ಬಂದ. “ಬ್ಯಾಡ್ರಿ ಅಕ್ಕಾ. ಯಾರೂ ಕೈ ತಾಗಿಸಬಾರ್ದಂತ ಸಾರ್ ಹೇಳ್ಯಾರ. ಬೋರ್ಡ್ ಬರಸ್ಯಾರ ನೋಡ್ರಿ.” ಬೋರ್ಡು ನಿಜವಾಗಿಯೂ ಇತ್ತು: ‘ಮನುಷ್ಯರ ಕೈ ತಾಗದೆ ಕಟ್ಟಿದ ಮಂಡಲದ ಮೊದಲ ಕಟ್ಟಡ’. ಒಂದು ಕೊಡ ನೀರು ಸುರಿದಿದ್ದರೆ ಆ ಹೆಗ್ಗಳಿಕೆಗೆ ಕುಂದು ಬರುತ್ತಿತ್ತಲ್ಲವೇ? ಬೋರ್ಡು ಉಳಿಯಲೆಂದು ಗೋಡೆ ಕೆಡಿಸಿದಿರಿ.

ಯಂತ್ರಕ್ಕೇನು, ಒಣಗಿದ್ದರ ಮೇಲೆ ಹಸಿಯದನ್ನು ಇಡುತ್ತಾ ಹೋಯಿತು. ವಾರ ಕಳೆದ ಮೇಲೆ ಆ ಎರಡರ ನಡುವಿನ ಸಂದಿನೊಳಗೆ ನನ್ನ ಆಧಾರ್ ಕಾರ್ಡು ಅರ್ಧದವರೆಗೆ ಹೋಯಿತು. ನಿಮ್ಮವರಿಗೆ ತೋರಿಸಿದೆ. ಮರುದಿನ ಪುಟ್ಟಿ ಮೆತ್ತಿ, ಮೇಲೆ ಗಿಳಿಯ ಚಿತ್ರ ಬರೆಸಿದರು. ಗಿಳಿ ಚೆನ್ನಾಗಿದೆ. ಅದು ಗೋಡೆಯನ್ನು ಹಿಡಿದು ನಿಲ್ಲಿಸುತ್ತದೆಯೇ? ಪರೀಕ್ಷೆಯ ವರದಿ ಸರಿಯಿದೆ ಎನ್ನುತ್ತೀರಿ. ಪರೀಕ್ಷೆಗೆ ಹೋದದ್ದು ಬೆಳಿಗ್ಗೆ ಒಂಬತ್ತಕ್ಕೆ ಅಚ್ಚಿಗೆ ತುಂಬಿದ ಕಾಂಕ್ರೀಟಿನ ಗಟ್ಟಿ. ಗೋಡೆ ಕೆಟ್ಟದ್ದು ಮಧ್ಯಾಹ್ನ.

ಸೋಮವಾರದೊಳಗೆ ಊರವರ ಎದುರಿಗೆ ಆ ಜಾಗದಲ್ಲಿ ಗೋಡೆ ಕೊರೆಸಿ ನೋಡಿ. ಒಳಗೆ ಹಳೆಯ ಪದರವೂ ಹೊಸದೂ ಕೂಡಿಕೊಂಡಿದ್ದರೆ ತೂತನ್ನು ನಾನೇ ಮುಚ್ಚಿ, ಎಲ್ಲರೆದುರು ನಿಮ್ಮ ಕ್ಷಮೆ ಕೇಳುತ್ತೇನೆ. ಕೂಡಿಕೊಂಡಿರದಿದ್ದರೆ ಆ ಗೋಡೆ ಒಡೆಸಿ. ಕೊರೆಸಲು ಮನಸ್ಸಿಲ್ಲವೇ? ಹಾಗಾದರೆ ನಿಮ್ಮ ಮೇಜು ಕುರ್ಚಿಯನ್ನು ಆ ಗೋಡೆಯ ಬುಡಕ್ಕೆ ಹಾಕಿಸಿ, ಈ ಮಳೆಗಾಲ ಮುಗಿಯುವವರೆಗೆ ಅಲ್ಲೇ ಕೂತು ಸಹಿ ಹಾಕಿ. ಎರಡರಲ್ಲಿ ಒಂದಾಗುವವರೆಗೆ ಬಾಗಿಲಿಗೆ ಅಡ್ಡವಾಗಿ ನಾನೂ ಚಿನ್ನಕ್ಕನೂ ಕೂತಿರುತ್ತೇವೆ. ಪೊಲೀಸರನ್ನು ಕಳಿಸಿದರೆ ಅವರನ್ನೂ ಒಳಗೆ ಬಿಡುವುದಿಲ್ಲ. ಅವರಿಗೂ ಮನೆಯಲ್ಲಿ ಮಕ್ಕಳಿದ್ದಾರೆ.

ಇಂತಿ,
ಮೂವತ್ತು ವರ್ಷ ಗೋಡೆ ಕಟ್ಟಿ, ಈಗ ಒಂದನ್ನು ಒಡೆಯಿರಿ ಎಂದು ಕೇಳಬೇಕಾಗಿ ಬಂದ
ಮೇಸ್ತ್ರಿ ಸಣ್ಣಬಸಪ್ಪ